ಒದರದ ಬಾಣಂತಿ

ಸುಮಿತ್ರಾಬಾಯಿ ಬ್ಯಾಂಡೇಜು ಬಟ್ಟೆ ತಂದು ಮಥುರಾಬಾಯಿಯ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿದಾಗ, ಕೋಣೆಯಲ್ಲಿದ್ದ ನರ್ಸುಗಳೆಲ್ಲ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ನಗುವಂಥದ್ದೇ ಬಿಡಿ. ಆಳಂದ ಸೀಮೆಯ ಬಸುರಿಯರು ಮನೆದೇವರಿಗೆ ಹರಕೆ ಹೊತ್ತ ಮೇಲೆ ನೆನೆಯುತ್ತಿದ್ದದ್ದು ಈ ಕೈಗಳನ್ನು. "ಮಥುರಾಬಾಯಿ ಕೈ ಹತ್ತಿದರ ಸಾಕು, ಅಡ್ಡ ಬಿದ್ದ ಕೂಸೂ ಸೀದಾ ಆಗತದ" ಎಂದು ಅಲ್ಲಿ ಮಾತಿತ್ತು. ಅಂಥ ಕೈಗಳನ್ನು ಕಳ್ಳನ ಕೈ ಕಟ್ಟಿದ ಹಾಗೆ ಕಟ್ಟಿ, ಒಬ್ಬ ಸುಳ್ಳು ಬಾಣಂತಿಯ ಮುಂದೆ ನಿಲ್ಲಿಸಿದ್ದರು. ಮಥುರಾಬಾಯಿಗೆ ನಗು ಬರಲಿಲ್ಲ. ಅವಳಿಗೆ ಹೆದರಿಕೆಯಾಗಿತ್ತು.

ಎಂಬತ್ನಾಲ್ಕರ ಚಳಿಗಾಲ ಅದು. ಅಫಜಲಪುರದ ಹೊರಗೆ ಒಂದು ಟ್ರಸ್ಟಿನವರು ನಡೆಸುತ್ತಿದ್ದ ಸಣ್ಣ ಹೆರಿಗೆ ದವಾಖಾನೆಯಲ್ಲಿ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಅನುಭವಸ್ಥ ನರ್ಸುಗಳನ್ನು ಕಲೆ ಹಾಕಿದ್ದರು. ಇನ್ನು ಮುಂದೆ ಇವರು ಬರೀ ಹೆರಿಗೆ ಮಾಡಿಸುವವರಲ್ಲ, ಹೆರಿಗೆ ಮಾಡಿಸಲು ಹುಡುಗಿಯರಿಗೆ ಕಲಿಸುವವರು. ಆ ಹುಡುಗಿಯರು ಕಲಿತು ಹಳ್ಳಿಗಳಿಗೆ ಹೋಗಬೇಕು. ಹಳ್ಳಿಯಲ್ಲಿ ಡಾಕ್ಟರಿಲ್ಲ, ಜೀಪಿಲ್ಲ, ಕೂಗಿದರೆ ಓಗೊಡುವ ಇನ್ನೊಬ್ಬ ನರ್ಸಿಲ್ಲ.

ಕಲಿಸುವವರಿಗೆ ಕಲಿಸಲು ಗುಲಬರ್ಗಾದಿಂದ ಬಂದವರು ಸುಮಿತ್ರಾಬಾಯಿ. ಉದ್ದನೆಯ ಹೆಂಗಸು, ಮಾತು ಕಡಿಮೆ, ನಗು ಅದಕ್ಕಿಂತ ಕಡಿಮೆ. ಅವರು ಬಂದವರೇ ಹಳೆಯ ಉಗ್ರಾಣದ ಕೋಣೆಯನ್ನು ಖಾಲಿ ಮಾಡಿಸಿ, ಒಂದು ಕಬ್ಬಿಣದ ಮಂಚ ಹಾಕಿಸಿ, ಅದನ್ನು ವಾರ್ಡು ಎಂದು ಕರೆದರು. ನರ್ಸುಗಳು ಅದಕ್ಕೆ ಸುಳ್ಳು ವಾರ್ಡು ಎಂದು ಹೆಸರಿಟ್ಟರು. ಗೋಣಿಚೀಲಕ್ಕೆ ಅರಳೆ ತುಂಬಿ ಹೊಟ್ಟೆ ಮಾಡಿದರು. ಅರಿವೆಯ ಕೂಸು ಹೊಲಿದರು. ಸಲಾಯಿನ್ ಬಾಟಲಿಗೆ ಕುಂಕುಮದ ನೀರು ತುಂಬಿ, ಅದರ ನಳಿಕೆಯನ್ನು ಹೊದಿಕೆಯ ಕೆಳಗೆ ತಂದರು. ತಿರುಪು ಬಿಟ್ಟರೆ ರಕ್ತ, ಬಿಗಿದರೆ ಇಲ್ಲ.

ಬಾಣಂತಿಯ ಪಾತ್ರ ಜೇವರ್ಗಿಯ ವಜೀರುನ್ನಿಸಾಳದು. ಬೇರೆ ಯಾರಿಗೂ ಅದನ್ನು ಬಿಟ್ಟುಕೊಡಲು ಅವಳು ತಯಾರಿರಲಿಲ್ಲ. ಅವಳು ಒದರುವ ಒದರಾಟಕ್ಕೆ ಒಂದು ಸಲ ಗೇಟಿನ ಕಾವಲುಗಾರ ಲಾಡ್ಲೆಸಾಬ ಕೋಲು ಹಿಡಿದು ಓಡಿ ಬಂದಿದ್ದ. ಕಲಿಯುವ ಹುಡುಗಿಯಾಗಿ ನಿಲ್ಲುವವಳು ಮಾತ್ರ ನಿಜವಾಗಿಯೂ ಕಲಿಯುವ ಹುಡುಗಿ, ಹಣಮವ್ವ. ಒಕ್ಕಲುತನದ ಮನೆಯಿಂದ ಬಂದವಳು, ಇನ್ನೂ ಜಡೆಗೆ ರಿಬ್ಬನ್ ಕಟ್ಟುತ್ತಿದ್ದಳು. ತರಬೇತಿ ಮುಗಿದರೆ ಅವಳ ಪಾಲಿಗೆ ಬಂದ ಊರು ಕಿಣ್ಣಿ ಸುಲ್ತಾನ.

ಆಟದ ನಿಯಮ ಒಂದೇ. ಕಲಿಸುವವಳು ಬಾಯಿಂದ ಹೇಳಬೇಕು, ಕೈ ಹಾಕಕೂಡದು.

ಸುಮಿತ್ರಾಬಾಯಿ ತಿರುಪು ಬಿಟ್ಟರು. ವಜೀರುನ್ನಿಸಾ "ಯಾ ಅಲ್ಲಾ, ಸತ್ತೆ ನಮ್ಮವ್ವಾ, ಸತ್ತೆ!" ಎಂದು ಚೀರಿದಳು. ಮಂಚದ ಕೆಳಗೆ ಕೆಂಪು ನೀರು ಇಳಿಯತೊಡಗಿತು. ಹಣಮವ್ವ ಕಂಬದ ಹಾಗೆ ನಿಂತಳು. ಮಥುರಾಬಾಯಿ ಬಾಯಿ ತೆರೆದಳು. ಬಾಯಿಂದ ಏನೂ ಬರಲಿಲ್ಲ. ಬದಲಿಗೆ ಬೆನ್ನ ಹಿಂದೆ ಬಟ್ಟೆ ಪರ್ರನೆ ಹರಿಯಿತು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಅವಳು ಹುಡುಗಿಯನ್ನು ಪಕ್ಕಕ್ಕೆ ನೂಕಿ, ಗೋಣಿಯ ಹೊಟ್ಟೆಯನ್ನು ಎರಡೂ ಕೈಯಿಂದ ಒತ್ತಿ ಹಿಡಿದಿದ್ದಳು.

ನರ್ಸುಗಳು ಚಪ್ಪಾಳೆ ತಟ್ಟಿದರು. ಸುಮಿತ್ರಾಬಾಯಿ ತಟ್ಟಲಿಲ್ಲ.

"ಮಥುರಾಬಾಯಿ, ಈ ಬಾಣಂತಿನ್ನ ಉಳಿಸಿದ್ರಿ, ಛಲೋ ಆತು. ನಾಳೆ ಈ ಹುಡಿಗಿ ಕಿಣ್ಣಿ ಸುಲ್ತಾನದಾಗ ಹಿಂಗೇ ನಿಂತಾಗ ಯಾರ ಓಡಿ ಬರ್ತಾರ? ನೀವು ಬರ್ತೀರೇನು, ಆಳಂದದಿಂದ ಹಾರಿ?"

"ನನಗ ತಿಳೀತದ್ರಿ ಬಾಯಿ. ಆದರ ಕೈ ಕೇಳಂಗಿಲ್ರಿ."

"ಹಡದ ಮ್ಯಾಲೆ ಹೊಟ್ಟಿ ಬಿಗೀಲಿಲ್ಲ, ರಕ್ತ ಹೋಗಾಕತ್ತದ ಅಂತ ನಿಮಗ ಹೆಂಗ ತಿಳೀತದ? ಅದನ್ನರೆ ಹೇಳ್ರಿ ಅಕಿಗೆ."

ಮಥುರಾಬಾಯಿ ತನ್ನ ಅಂಗೈ ನೋಡಿಕೊಂಡಳು. "ಕೈಗೆ ತಿಳೀತದ್ರಿ" ಎಂದಳು ಕೊನೆಗೆ.

ಎಲ್ಲರೂ ಮತ್ತೆ ನಕ್ಕರು. ಸುಮಿತ್ರಾಬಾಯಿ ಹರಿದ ಬ್ಯಾಂಡೇಜನ್ನು ಗಂಟು ಹಾಕುತ್ತಾ, "ನಿಮ್ಮ ಕೈಗೆ ತಿಳಿದದ್ದು ಅಕಿ ಕೈಗೆ ಹೋಗೂ ದಾರಿ ನಿಮ್ಮ ಬಾಯಿನೇ. ಮತ್ತ ಮೊದಲಿಂದ" ಎಂದರು.

ಹೆದರಿಕೆ ಇದ್ದದ್ದು ಅಲ್ಲಿಯೇ. ಸುಳ್ಳು ವಾರ್ಡಿನ ಆಟ ಮುಗಿದ ಮೇಲೆ ಖರೇ ವಾರ್ಡಿನಲ್ಲಿ, ಖರೇ ಬಾಣಂತಿಯ ಮುಂದೆ ಹೀಗೆಯೇ ನಿಲ್ಲಬೇಕಿತ್ತು. ತಾನು ಕೈಕಟ್ಟಿ ನಿಂತಿರುವಾಗ ಒಬ್ಬ ಎಳೆ ಹುಡುಗಿಯ ಕೈಯಲ್ಲಿ ಯಾರದೋ ಮಗಳು ಸತ್ತರೆ? ಕಲಿಸುವುದಕ್ಕಾಗಿ ಒಂದು ಜೀವ ಹೋಯಿತು ಎಂದು ಆ ಮನೆಯವರಿಗೆ ಹೇಳಲು ಬರುತ್ತದೆಯೇ? ಹಾಗಂತ ಕೈ ಹಾಕಿಬಿಟ್ಟರೆ ಹುಡುಗಿ ಏನೂ ಕಲಿಯದೆ ಹಳ್ಳಿಗೆ ಹೋಗುತ್ತಾಳೆ. ಅಲ್ಲಿ ಯಾರದೋ ಮಗಳು ಸಾಯುತ್ತಾಳೆ. ಅತ್ತ ದರಿ, ಇತ್ತ ಪುಲಿ. ಮಥುರಾಬಾಯಿಗೆ ಊಟ ಸೇರದಾಯಿತು. ಜೋಳದ ರೊಟ್ಟಿ ಮುರಿಯುವಾಗಲೂ ತನ್ನ ಕೈಗಳನ್ನೇ ಸಂಶಯದಿಂದ ನೋಡಿಕೊಳ್ಳುತ್ತಿದ್ದಳು, ಸಾಕಿದ ನಾಯಿ ಯಾರನ್ನೋ ಕಚ್ಚಿ ಬಂದ ಮೇಲೆ ನೋಡಿದ ಹಾಗೆ.

ಆದರೂ ಹಟ ಬಿಡುವ ಹೆಂಗಸಲ್ಲ. ದಿನವೂ ಕೈ ಕಟ್ಟಿಸಿಕೊಂಡಳು. ದಿನವೂ ವಜೀರುನ್ನಿಸಾ ಚೀರಿದಳು. ಆ ಚೀರು ಕೇಳಿದಾಗ ಮೊದಲು ಉಸಿರು ಬಿಡಬೇಕು, ಆಮೇಲೆ "ಹಣಮವ್ವಾ, ಏನ್ ನೋಡಾಕತ್ತಿ? ನಿನ್ನ ಕೈ ಎಲ್ಲಿ ಅದ?" ಎಂದು ಕೇಳಬೇಕು ಎನ್ನುವುದನ್ನು ಬಾಯಿಗೆ ರೂಢಿ ಮಾಡಿಕೊಂಡಳು. ಮೆಲ್ಲಗೆ ಬಟ್ಟೆ ಹರಿಯುವುದು ನಿಂತಿತು. ಹಣಮವ್ವನೂ ಕಂಬದಂತೆ ನಿಲ್ಲುವುದನ್ನು ಬಿಟ್ಟು, ಚೀರು ಕೇಳಿದೊಡನೆ ಹೊಟ್ಟೆಗೆ ಕೈ ಹಾಕತೊಡಗಿದಳು. "ನೋಡ್ರಿ, ನನ್ನ ಗಂಟಲ ಹರಿದರೂ ಫಿಕರಿಲ್ಲ, ನೀವೆಲ್ಲಾ ಪಾಸಾದ್ರಿ" ಎಂದು ವಜೀರುನ್ನಿಸಾ ಸಕ್ಕರೆ ಬಾಯಿಗೆ ಹಾಕಿಕೊಂಡಳು. ಸುಮಿತ್ರಾಬಾಯಿಯ ಮುಖದಲ್ಲಿಯೂ ನಗುವಿನಂಥದ್ದು ಏನೋ ಬಂದು ಹೋಯಿತು.

ಖರೇ ದಿನ ಬಂದದ್ದು ಅಮಾವಾಸ್ಯೆಯ ಮಧ್ಯಾಹ್ನ. ದವಾಖಾನೆಯ ಡಾಕ್ಟರ್ ಪ್ರಹ್ಲಾದರಾವ್ ಜೀಪು ತೆಗೆದುಕೊಂಡು ಘತ್ತರಗಿಗೆ ಹೋಗಿದ್ದರು. ಭಾಗ್ಯವಂತಿಯ ಗುಡಿಗೆ ಬರುವ ಮಂದಿಗೆ ಕಾಲರಾ ಸೂಜಿ ಹಾಕಲು. ಆ ಹೊತ್ತಿಗೇ ಅತನೂರಿನಿಂದ ಎತ್ತಿನ ಬಂಡಿಯಲ್ಲಿ ಗಂಗುಬಾಯಿಯನ್ನು ಕರೆತಂದರು. ಎರಡನೆಯ ಹೆರಿಗೆ. ನೋವು ಪೂರಾ ಬಂದಿತ್ತು. ಬಂಡಿಯಿಂದ ಇಳಿದವಳು ತಾನೇ ನಡೆದು ಒಳಗೆ ಬಂದು, ನಿಂತಿದ್ದ ನರ್ಸುಗಳಿಗೆ ತಲೆ ಬಾಗಿಸಿ ಸೆರಗು ಸರಿ ಮಾಡಿಕೊಂಡಳು. ತುಟಿ ಕಚ್ಚಿ ಕಚ್ಚಿ ರಕ್ತ ಕಾಣುತ್ತಿತ್ತು. ಬಾಯಿಂದ ಒಂದು ಸದ್ದಿಲ್ಲ.

"ನಮ್ಮ ಸೊಸಿ ಒದರಂಗಿಲ್ರಿ" ಎಂದಳು ಜೊತೆಗೆ ಬಂದ ಅತ್ತೆ, ಹೆಮ್ಮೆಯಿಂದ. "ಮೊದಲನೇ ಕೂಸಿಗೂ ಒದರಿಲ್ಲ. ಒದರಿದ್ರ ತವರಿನ ಹೆಸರ ಹೋಗತದ್ರಿ. ಛಲೋ ಮನಿತನದ ಹುಡಿಗಿ."

ಅತ್ತೆಯ ಬಗಲಲ್ಲಿ ಒಂದು ಕೌದಿ ಇತ್ತು. ಹಳೆಯ ಸೀರೆಗಳನ್ನು ಪದರ ಪದರವಾಗಿ ಇಟ್ಟು ಗಂಗುಬಾಯಿಯ ತಾಯಿ ಹೊಲಿದು ಕಳಿಸಿದ್ದು. ಅವರ ಕಡೆ ಕೂಸು ಭೂಮಿಗೆ ಬರುವಾಗ ತವರಿನ ಕೌದಿಯ ಮೇಲೆಯೇ ಬರಬೇಕು. ದವಾಖಾನೆಯ ರಬ್ಬರ್ ಹಾಸಿನ ಮೇಲೆ ಅದನ್ನು ನಾಲ್ಕು ಮಡಿಕೆ ಮಾಡಿ ಹಾಸಲು ಅತ್ತೆ ಕೈ ಮುಗಿದು ಕೇಳಿದಳು. ಮಥುರಾಬಾಯಿ ಹೂಂ ಎಂದಳು. ಆಳಂದದಲ್ಲಿ ಅವಳು ಯಾವತ್ತೂ ಇದಕ್ಕೆ ಬೇಡ ಎಂದವಳಲ್ಲ. ಬೇಡ ಎಂದರೆ ಹೆಂಗಸರು ದವಾಖಾನೆಗೇ ಬರುತ್ತಿರಲಿಲ್ಲ. ಕೌದಿಯಿಂದ ಒಂದು ದಿನವೂ ತೊಂದರೆಯಾಗಿರಲಿಲ್ಲ.

"ಇವತ್ತು ಬ್ಯಾಂಡೇಜ ಕಟ್ಟಂಗಿಲ್ಲ" ಎಂದರು ಸುಮಿತ್ರಾಬಾಯಿ ಬಾಗಿಲಲ್ಲಿ. "ಕೈ ಹಿಂದ ಇಟ್ಟಗೊಳ್ಳೂದು ನಿಮಗ ಬಿಟ್ಟದ್ದು. ಸೂಜಿ, ಸಲಾಯಿನ್ ಎಲ್ಲಾ ತಯಾರದ. ನಾನು ಇಲ್ಲೇ ಹೊರಗ ಕುಂತಿರ್ತೇನಿ. ಕರದ್ರ ಬರ್ತೇನಿ."

ಮಥುರಾಬಾಯಿ ಬೆನ್ನ ಹಿಂದೆ ತನ್ನ ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಹಿಡಿದುಕೊಂಡಳು.

ಹಣಮವ್ವ ಮಾಡಿದಳು. ಹೆದರುತ್ತಾ ಮಾಡಿದಳು, ಆದರೆ ಮಾಡಿದಳು. "ತಲಿ ಕಾಣಾಕತ್ತದ್ರಿ ಬಾಯಾರ." ಮಥುರಾಬಾಯಿ ನಿಂತಲ್ಲಿಂದಲೇ ಕೇಳಿದಳು, "ಕೊರಳ ಸುತ್ತ ಏನರೆ ಅದ ಏನು? ಬೆರಳಿಲೆ ನೋಡು." "ಇಲ್ರಿ." "ಅವಸರ ಮಾಡಬ್ಯಾಡ. ಅಕಿ ಉಸಿರ ಜೋಡಿ ಹೋಗು." ಕೂಸು ಬಂದು ತವರಿನ ಕೌದಿಯ ಮೇಲೆ ಬಿತ್ತು. ಗಂಡು. ಕ್ಷಣ ತಡೆದು, ಇಡೀ ದವಾಖಾನೆ ಕೇಳುವ ಹಾಗೆ ಅತ್ತಿತು. ಸ್ವಲ್ಪ ಹೊತ್ತಿಗೆ ಕೂಸಿನ ಹಿಂದೆ ಬರುವ ಮಾಸೂ ಪೂರ್ತಿ ಬಿತ್ತು. ಹಣಮವ್ವ ಅದನ್ನು ಬೆಳಕಿಗೆ ಹಿಡಿದು, ಕಲಿಸಿದ ಹಾಗೆ ತಿರುವಿ ತಿರುವಿ ನೋಡಿ, "ಎಲ್ಲಾ ಬಂದದ್ರಿ" ಎಂದಳು. ಅವಳ ಮುಖ ಅರಳಿತ್ತು.

ಮಥುರಾಬಾಯಿ ಒಂದು ಬೆರಳೂ ಮುಂದೆ ತಂದಿರಲಿಲ್ಲ.

ಹಣಮವ್ವ ಕೂಸನ್ನು ಒರೆಸಿ ಅರಿವೆಯಲ್ಲಿ ಸುತ್ತಿದಳು. ಅತ್ತೆ ಒಳಗೆ ಬಂದು, ಮೊಮ್ಮಗನ ಹಣೆ ಮುಟ್ಟಿ, ಲಟಿಕೆ ಮುರಿದು ದೃಷ್ಟಿ ತೆಗೆದಳು. ಇಬ್ಬರೂ ಕೂಸಿನ ಮೇಲೆ ಬಾಗಿ ಅದರ ಮೂಗು ಯಾರ ಮೂಗು ಎಂದು ಮಾತಿಗೆ ನಿಂತರು. ಎಲ್ಲ ಸರಿಯಾಗಿತ್ತು. ಮಂಚದ ಕೆಳಗಿನ ಬೇಸನ್ ಬಹುತೇಕ ಖಾಲಿ. ರಬ್ಬರ್ ಹಾಸಿನ ಅಂಚು ಒಣಗಿಯೇ ಇತ್ತು. ಗಂಗುಬಾಯಿ ಸೂರು ನೋಡುತ್ತಾ ಮಲಗಿದ್ದಳು.

ಹಾಗಿದ್ದರೂ ಮಥುರಾಬಾಯಿಗೆ ಸಮಾಧಾನವಿರಲಿಲ್ಲ. ಏಕೆಂದು ತಿಳಿಯಲಿಲ್ಲ. ಅವಳು ಕಿವಿಗೊಟ್ಟು ಕಾಯುತ್ತಿದ್ದಳು, ಮತ್ತು ತಾನು ಕಾಯುತ್ತಿರುವುದು ಆ ಚೀರಿಗೆ ಎಂಬುದು ಅವಳಿಗೇ ಗೊತ್ತಿರಲಿಲ್ಲ. ದಿನವೂ ಅದು ಬಂದ ಮೇಲೆಯೇ ಎಲ್ಲವೂ ಶುರುವಾಗುತ್ತಿತ್ತು. ಚೀರು ಬರಲಿಲ್ಲ.

"ತಂಗಿ, ಹೆಂಗದ?" ಎಂದು ಕೇಳಿದಳು.

"ಏನಿಲ್ರಿ" ಎಂದಳು ಗಂಗುಬಾಯಿ, ಮೆಲ್ಲಗೆ. "ಜರಾ ಥಂಡಿ ಹತ್ತತದ. ನಿದ್ದಿ ಬರಾಕತ್ತದ್ರಿ." ಹೇಳಿ ಆಕಳಿಸಿದಳು. ಮತ್ತೆ ಆಕಳಿಸಿದಳು. ಹೆತ್ತು ದಣಿದವಳ ಆಕಳಿಕೆ ಅಲ್ಲ ಅದು. ಗಾಳಿ ಸಾಲದವಳ ಆಕಳಿಕೆ. ಕಚ್ಚಿದ ತುಟಿಯ ಮೇಲಿನ ಗಾಯ ಒಂದೇ ಕೆಂಪಗಿತ್ತು. ಉಳಿದ ಮುಖವೆಲ್ಲ ಸುಣ್ಣ ಬಳಿದ ಗೋಡೆ.

ಮಥುರಾಬಾಯಿಗೆ ಆಗ ಹೊಳೆಯಿತು. ಇಷ್ಟು ವರ್ಷ ಹೆರಿಗೆಯಾದ ಮೇಲೆ ಅವಳ ಕೈ ಬಾಣಂತಿಯ ಹೊಟ್ಟೆ ಬಿಟ್ಟು ಕದಲುತ್ತಿರಲಿಲ್ಲ. ಮಾತಾಡುವಾಗಲೂ, ಚಹಾ ಕುಡಿಯುವಾಗಲೂ ಕೈ ಅಲ್ಲಿಯೇ. ಕೌದಿ ಎಷ್ಟು ಕುಡಿಯಿತು, ಬೇಸನ್ನಿಗೆ ಎಷ್ಟು ಬಿತ್ತು ಎಂದು ನೋಡುವ ಅಗತ್ಯವೇ ಅವಳಿಗೆ ಬಿದ್ದಿರಲಿಲ್ಲ. ಇವತ್ತು ಆ ಕೈ ಬೆನ್ನ ಹಿಂದೆ ಇತ್ತು. ಅದರ ಬದಲಿಗೆ ಅಲ್ಲಿ ಯಾರ ಕೈಯೂ ಇರಲಿಲ್ಲ. "ಕೈ ತೆಗೀಬ್ಯಾಡ" ಎಂದು ಹುಡುಗಿಗೆ ಅವಳು ಹೇಳಿಯೇ ಇರಲಿಲ್ಲ. ಹೇಳಬೇಕಾದ ಮಾತು ಅದು ಎಂದು ಅವಳ ಬಾಯಿಗೆ ಗೊತ್ತೇ ಇರಲಿಲ್ಲ.

"ಹಣಮವ್ವಾ! ಕೂಸು ಅವರ ಕೈಗೆ ಕೊಡು. ಹೊಟ್ಟಿ ಮ್ಯಾಲೆ ಕೈ ಇಡು. ಹೊಕ್ಕಳದ ಹತ್ತರ. ಏನ್ ಹತ್ತತದ ಕೈಗೆ?"

ಹಣಮವ್ವ ಕೈ ಇಟ್ಟಳು. ಅವಳ ಮುಖ ಬದಲಾಯಿತು. "ಏನೂ ಹತ್ತವಲ್ಲದ್ರಿ... ಮೆತ್ತಗದ್ರಿ ಬಾಯಾರ, ನಾದಿಟ್ಟ ಹಿಟ್ಟಿನಂಗ."

"ಸುಮಿತ್ರಾಬಾಯಿ! ಸೂಜಿ ತರ್ರಿ! ಜಲ್ದಿ!" ಎಂದು ಮಥುರಾಬಾಯಿ ಕೂಗಿದಳು. "ತಿಕ್ಕು ಹಣಮವ್ವಾ, ಗಟ್ಟಿಯಾಗಿ ತಿಕ್ಕು, ಸುತ್ತಲೂ."

ಹುಡುಗಿ ಅಂಗೈ ಒತ್ತಿದಳು. ಕೌದಿಯ ಮಡಿಕೆಯೊಳಗಿಂದ ಬೆಚ್ಚನೆಯ ರಕ್ತ ಉಕ್ಕಿ ಅವಳ ಮೊಣಕೈಗೆ ಸಿಡಿಯಿತು. ಅಷ್ಟೇ, ಹಣಮವ್ವನ ಕೈ ಸತ್ತ ಹಾಗೆ ನಿಂತುಬಿಟ್ಟಿತು. "ನೀವೇ ಬರ್ರಿ ಬಾಯಾರ, ನನ್ನ ಕೈಲೆ ಆಗಂಗಿಲ್ಲ, ನೀವೇ ಬರ್ರಿ" ಎಂದು ಅಳತೊಡಗಿದಳು.

ಮಥುರಾಬಾಯಿಯ ಕೈಗಳು ಆಗಲೇ ಮಂಚದ ಮೇಲಿದ್ದವು. ಅವು ಯಾರನ್ನೂ ಕೇಳಿರಲಿಲ್ಲ. ಈಗ ಹುಡುಗಿಯ ಕೈಯನ್ನು ಕಿತ್ತು ಹಾಕಿದರೆ ಮುಗಿಯಿತು, ಹೊಟ್ಟೆ ತನ್ನ ಕೈಗೆ ಬರುತ್ತದೆ. ಹುಡುಗಿ ಮೂಲೆಯಲ್ಲಿ ನಿಂತು ಅಳುತ್ತಾಳೆ. ಕಿಣ್ಣಿ ಸುಲ್ತಾನದಲ್ಲಿಯೂ ಒಂದು ದಿನ ಮೂಲೆಯಲ್ಲಿ ನಿಂತು ಅಳುತ್ತಾಳೆ. ಕಿತ್ತು ಹಾಕದಿದ್ದರೆ ಈ ಗಂಗುಬಾಯಿ? ಮಥುರಾಬಾಯಿಗೆ ಇಂಥ ಭಯ ಹುಟ್ಟಿದಾರಭ್ಯ ಆಗಿರಲಿಲ್ಲ.

ಅವಳು ಹುಡುಗಿಯ ಕೈಯನ್ನು ಕಿತ್ತು ಹಾಕಲಿಲ್ಲ. ಅದರ ಮೇಲೆ ತನ್ನ ಕೈ ಇಟ್ಟು, ಬೆರಳ ಸಂದಿನಲ್ಲಿ ಬೆರಳು ಸೇರಿಸಿ ಒತ್ತಿದಳು.

"ತೆಗೀಬ್ಯಾಡ. ಭಾರ ನಂದು, ಅಂಗೈ ನಿಂದು. ಒತ್ತಿ ತಿರುಗಿಸು. ಹಿಂಗ. ಹಿಂಗ. ಈಗೇನ್ ಹತ್ತತದ?"

"ಮೆತ್ತಗೇ ಅದ್ರಿ."

"ಬಿಡಬ್ಯಾಡ. ಈಗ?"

ಸುಮಿತ್ರಾಬಾಯಿ ಸೂಜಿ ಚುಚ್ಚಿ, ಸಲಾಯಿನ್ ಹಚ್ಚಿದರು. ಗಂಗುಬಾಯಿಯ ಕಣ್ಣು ಮೇಲೆ ಹೋಗಿ ಬಿಳಿಯಷ್ಟೇ ಕಾಣತೊಡಗಿತು. ಎರಡು ಕೈ ಒಂದರ ಮೇಲೊಂದು ಒಂದೇ ಸಮನೆ ತಿರುಗುತ್ತಿದ್ದವು. ಮಥುರಾಬಾಯಿಗೆ ಹೊಟ್ಟೆ ತಾಗುತ್ತಿರಲಿಲ್ಲ, ಬರೀ ಹುಡುಗಿಯ ಕೈಯ ಎಲುಬುಗಳು ತಾಗುತ್ತಿದ್ದವು. ಒಳಗೆ ಏನಾಗುತ್ತಿದೆ ಎಂದು ತಿಳಿಯಲು ಅವಳಿಗಿದ್ದದ್ದು ಆ ಹುಡುಗಿಯ ಬಾಯಿ ಮಾತ್ರ.

"ಬಾಯಾರ..." ಎಂದಳು ಹಣಮವ್ವ. "ಕೈ ಕೆಳಗ ಏನೋ ಎದ್ದಂಗಾತು. ಗಟ್ಟಿ ಆಗಾಕತ್ತದ್ರಿ... ಆತು ನೋಡ್ರಿ, ಆತು! ತೆಂಗಿನಕಾಯಿ ಹಿಡಿದಂಗ ಆತು!"

ರಕ್ತ ನಿಂತಿತು. ಕೌದಿಯನ್ನು ಎಳೆದು ತೆಗೆಯುವಾಗ ಸುಮಿತ್ರಾಬಾಯಿ ಒಬ್ಬರಿಂದ ಆಗಲಿಲ್ಲ. ಭೀಮಾ ನದಿಯಲ್ಲಿ ಅದ್ದಿ ತೆಗೆದಷ್ಟು ಭಾರವಾಗಿತ್ತು. ಅದನ್ನು ಕಂಡ ಅತ್ತೆ ಕೂಸನ್ನು ಎದೆಗೆ ಅವುಚಿಕೊಂಡು, ಗೋಡೆಗೆ ಒರಗಿ, "ಎವ್ವಾ!" ಎಂದು ಚೀರಿದಳು. ಆ ದಿನ ಆ ವಾರ್ಡಿನಲ್ಲಿ ಒದರಿದವಳು ಅವಳೊಬ್ಬಳೇ.

ಸಂಜೆಯ ಹೊತ್ತಿಗೆ ಡಾಕ್ಟರು ಬಂದು ನೋಡಿ, ಜೀವಕ್ಕೆ ಭಯವಿಲ್ಲ ಎಂದರು. ಮಥುರಾಬಾಯಿ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದಳು. ಗಂಗುಬಾಯಿ ಕಣ್ಣು ತೆರೆದು, ಒಣಗಿದ ತುಟಿ ಬಿಡಿಸಿ ಏನೋ ಕೇಳಿದಳು. ಮಥುರಾಬಾಯಿ ಬಾಗಿ ಕಿವಿ ಕೊಟ್ಟಳು.

"ನಾ ಒದರಿಲ್ಲ, ಹೌದಲ್ರಿ?"

ಮಥುರಾಬಾಯಿಗೆ ಎಲ್ಲಿತ್ತೋ ಸಿಟ್ಟು, ಒಮ್ಮೆಲೇ ಉಕ್ಕಿ ಬಂತು. "ಒದರಬೇಕಾಗಿತ್ತು ಬೇ! ಮುಗಿಲು ಹರಿಯೂ ಹಂಗ ಒದರಬೇಕಾಗಿತ್ತು!" ಎಂದವಳೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಗಂಗುಬಾಯಿ ಪಾಪ, ತಾನೇನು ತಪ್ಪು ಮಾಡಿದೆನೋ ಎಂದು ಗಾಬರಿಯಿಂದ ನೋಡುತ್ತಿದ್ದಳು.

ಮರುದಿನ ಸುಳ್ಳು ವಾರ್ಡಿನಲ್ಲಿ ಮಥುರಾಬಾಯಿ ಸುಮಿತ್ರಾಬಾಯಿಯ ಕಿವಿಯಲ್ಲಿ ಎರಡು ಮಾತು ಹೇಳಿದಳು. ಅವರು ತಲೆ ಆಡಿಸಿದರು. ಆಮೇಲೆ ಅವಳು, "ವಜೀರುನ್ನಿಸಾ, ಇವತ್ತು ನೀ ಕಲಿಸು. ನಾ ಮಲಗತೇನಿ" ಎಂದು ತಾನೇ ಮಂಚ ಹತ್ತಿದಳು. ಕೆಳಗೆ ನಾಲ್ಕು ಮಡಿಕೆಯ ಕೌದಿ ಹಾಸಿಕೊಂಡು, ಗೋಣಿಯ ಹೊಟ್ಟೆ ಕಟ್ಟಿಕೊಂಡಳು.

"ಒದರಾಕ ಬರ್ತದೇನ್ರಿ ನಿಮಗ?" ಎಂದು ವಜೀರುನ್ನಿಸಾ ಕೈ ಕಟ್ಟಿಸಿಕೊಳ್ಳುತ್ತಾ ಛೇಡಿಸಿದಳು. ಎಲ್ಲರೂ ನಕ್ಕರು.

ಆಟ ಶುರುವಾಯಿತು. ಹಣಮವ್ವ ಅರಿವೆಯ ಕೂಸನ್ನು ಹೊರಗೆ ತೆಗೆದಳು. ನೋಡುತ್ತಿದ್ದ ನರ್ಸುಗಳು ಅದನ್ನು ಇಸಿದುಕೊಂಡು, ಸುತ್ತಿ, ಆಡಿಸಿ, ತಮಾಷೆ ಮಾಡತೊಡಗಿದರು. ಸುಮಿತ್ರಾಬಾಯಿ ಯಾರಿಗೂ ಕಾಣದ ಹಾಗೆ ತಿರುಪು ಬಿಟ್ಟರು.

ಮಥುರಾಬಾಯಿ ಸೂರು ನೋಡುತ್ತಾ ಮಲಗಿದ್ದಳು. ನೀರು ಮೊದಲು ತೊಡೆಗೆ ತಾಗಿತು, ಆಮೇಲೆ ಸೊಂಟಕ್ಕೆ. ಕೌದಿ ಸದ್ದಿಲ್ಲದೆ ಕುಡಿಯುತ್ತಿತ್ತು. ಅವಳು ತುಟಿ ಕಚ್ಚಿಕೊಂಡಳು. ಎಲ್ಲರೂ ಕೈಯಳತೆಯಲ್ಲಿಯೇ ಇದ್ದರು. ಅವರ ಬಳೆಯ ಸದ್ದು, ನಗು ಎಲ್ಲ ಕೇಳುತ್ತಿತ್ತು. ಒಬ್ಬಳೂ ಇತ್ತ ನೋಡಲಿಲ್ಲ. ವಜೀರುನ್ನಿಸಾ ಕೈ ಕಟ್ಟಿಕೊಂಡು, ಕಿವಿ ನಿಮಿರಿಸಿ, ಚೀರಿಗೆ ಕಾಯುತ್ತಿದ್ದಳು. ಕುಂಕುಮದ ನೀರು ಎಂದು ಗೊತ್ತಿದ್ದರೂ ಮಥುರಾಬಾಯಿಗೆ ಉಸಿರು ಕಟ್ಟತೊಡಗಿತು. ನಿನ್ನೆ ಗಂಗುಬಾಯಿಯೂ ಹೀಗೆಯೇ ಒಬ್ಬಳೇ ಇದ್ದಳು, ಮಂದಿಯ ನಡುವೆ. ತಣ್ಣನೆಯ ನೀರು ಬೆನ್ನಿಗೆ ಬಂತು. ಒದರಿಬಿಡಬೇಕು ಎನಿಸಿತು. ಒದರಲಿಲ್ಲ.

ಆಗ ಹೊಟ್ಟೆಯ ಮೇಲೆ, ಹೊಕ್ಕಳ ಹತ್ತಿರ, ಯಾರೂ ಹೇಳದೆ ಒಂದು ಕೈ ಬಂದು ಕೂತಿತು. ಸಣ್ಣ ಕೈ.

"ಸುಮ್ಮನ ಮಲಗ್ಯಾರ್ರಿ ಇವರು" ಎಂದಳು ಹಣಮವ್ವ. ಅವಳ ದನಿಯಲ್ಲಿ ಹೆದರಿಕೆ ಹಾಗೆಯೇ ಇತ್ತು. "ಕೂಸು ಆಮ್ಯಾಲ ನೋಡೋಣು. ಮೊದಲು ಇಲ್ಲಿ ಬರ್ರಿ ಎಲ್ಲಾರೂ."